ಬ್ಯಾಂಕಾಕ್‌ನ ಕೆರೆಯಲ್ಲಿ ದೈತ್ಯ ಮೀನಿಗೆ ಗಾಳ: ಒಂದು ದಿನದ ಪ್ರವಾಸಕ್ಕೆ ಹೊರಡುವವರಿಗೆ

ಬ್ಯಾಂಕಾಕ್ ನಗರದ ಪೂರ್ವ ಭಾಗದಲ್ಲಿ, ಮನೆಗಳೂ ಅಂಗಡಿಗಳೂ ಒತ್ತೊತ್ತಾಗಿರುವ ಬಡಾವಣೆಗಳ ನಡುವೆ, ಬುಂಗ್ ಸಾಮ್ರಾನ್ ಎಂಬ ಕೆರೆ ಇದೆ. ಸುತ್ತಲೂ ಮರದ ಅಟ್ಟಣೆ, ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಸಣ್ಣ ಸಣ್ಣ ಕೋಣೆಗಳು. ನೋಡಿದರೆ ಸಾಧಾರಣ ಕೆರೆ. ಆದರೆ ಇದರೊಳಗೆ ಮೆಕಾಂಗ್ ದೈತ್ಯ ಕ್ಯಾಟ್‌ಫಿಷ್ ಇದೆ, ಸಯಾಮಿ ದೈತ್ಯ ಕಾರ್ಪ್ ಇದೆ. ಮೂವತ್ತು ನಲವತ್ತು ಕಿಲೋ ತೂಗುವ ಮೀನು ಇಲ್ಲಿ ದೊಡ್ಡ ಸುದ್ದಿಯೇ ಅಲ್ಲ. ಗಾಳ ಹಿಡಿದು ಅಭ್ಯಾಸವಿಲ್ಲದವರೂ ಒಬ್ಬ ಒಳ್ಳೆಯ ಗೈಡ್ ಜೊತೆ ಹೋದರೆ ಒಂದೇ ದಿನದಲ್ಲಿ ಇಂಥ ಮೀನನ್ನು ಕೈಯಾರೆ ಮುಟ್ಟಿ ಬಿಟ್ಟು ಬರಬಹುದು. ಬಿಟ್ಟು ಬರಬೇಕು ಎಂಬುದು ಇಲ್ಲಿ ಮುಖ್ಯ. ಹಿಡಿದ ದೊಡ್ಡ ಮೀನನ್ನು ಜೀವಂತ ನೀರಿಗೆ ಮರಳಿಸುವುದೇ ಈ ಆಟದ ನಿಯಮ.

ಮೊದಲು ಮೀನಿನ ಪರಿಚಯ ಮಾಡಿಕೊಳ್ಳಿ. ಗೈಡ್ ಬಾಯಲ್ಲಿ ದಿನವಿಡೀ ಕೇಳುವುದು ಮೂರು ಹೆಸರು: ಪ್ಲಾ ಬೂಕ್, ಪ್ಲಾ ಸವಾಯ್, ಪ್ಲಾ ಕಾಹೋ. ಪ್ಲಾ ಎಂದರೆ ಮೀನು. ಪ್ಲಾ ಬೂಕ್ ಎಂಬುದೇ ಮೆಕಾಂಗ್ ದೈತ್ಯ. ಬೆಳೆದ ಮೀನಿಗೆ ಹಲ್ಲಿಲ್ಲ, ಮೀಸೆ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣದು, ಕಣ್ಣು ಬಾಯಿಯ ಗೆರೆಗಿಂತ ಕೆಳಗೆ. ಪ್ಲಾ ಸವಾಯ್ ಅದರ ಹತ್ತಿರದ ಸಂಬಂಧಿ. ನಮ್ಮಲ್ಲಿ ಹೊಂಡಗಳಲ್ಲಿ ಸಾಕುವ ಪಂಗಾಸ್ ಇದೇ ಜಾತಿ. ಎರಡರ ಮಿಶ್ರತಳಿಯೂ ಉಂಟು, ಹಾಗಾಗಿ ಮೀನು ಮೇಲೆ ಬಂದಾಗ ಕಣ್ಣಿನ ಜಾಗ ನೋಡಿಯೇ ಹೆಸರು ಹೇಳಿ. ಪ್ಲಾ ಕಾಹೋ ಎಂದರೆ ಸಯಾಮಿ ಕಾರ್ಪ್. ಕಾರ್ಪ್ ಕುಲದಲ್ಲೇ ಅತಿ ದೊಡ್ಡದು, ಅಗಲವಾದ ಹುರುಪೆ, ಭಾರಿ ತಲೆ, ಬಲು ಎಚ್ಚರದ ಮೀನು.

ಪ್ಲಾ ಬೂಕ್ ಮೂಲದಲ್ಲಿ ಮೆಕಾಂಗ್ ನದಿಯದು. 2005ರಲ್ಲಿ ಉತ್ತರ ಥಾಯ್ಲೆಂಡ್‌ನ ಚಿಯಾಂಗ್ ಖೋಂಗ್ ಬಳಿ ಸಿಕ್ಕ ಒಂದು ಮೀನು 293 ಕಿಲೋ ತೂಗಿತು, ಉದ್ದ ಸುಮಾರು 2.7 ಮೀಟರ್. ಈಗ ನದಿಯಲ್ಲಿ ಅದು ಅಳಿವಿನ ಅಂಚಿನಲ್ಲಿದೆ. ಮೊಟ್ಟೆಯಿಡಲು ನದಿಯಲ್ಲಿ ಬಹುದೂರ ಸಾಗುವ ಮೀನಾದ್ದರಿಂದ ಅಣೆಕಟ್ಟುಗಳು ಅದರ ದಾರಿಯನ್ನೇ ಕಡಿಯುತ್ತವೆ. ಬಲೆಗಾರಿಕೆ ಇನ್ನೊಂದು ಕಾರಣ. 1983ರಲ್ಲಿ ಥಾಯ್ಲೆಂಡ್‌ನ ಮೀನುಗಾರಿಕೆ ಇಲಾಖೆ ಕೃತಕವಾಗಿ ಇದರ ಮರಿ ಮಾಡಿಸುವುದರಲ್ಲಿ ಯಶಸ್ವಿಯಾಯಿತು. ಕೆರೆಗಳಲ್ಲಿ ಇಂದು ಕಾಣುವುದು ಹಾಗೆ ಸಾಕಿ ಬಿಟ್ಟ ಮೀನು. ಕೆರೆಯಲ್ಲಿ ಅದು ತಾನಾಗಿ ಸಂತಾನ ಬೆಳೆಸುವುದಿಲ್ಲ, ದೊಡ್ಡದಾಗಲು ವರ್ಷಗಟ್ಟಲೆ ಬೇಕು. ಒಂದು ಸತ್ತರೆ ಆ ಜಾಗ ಬೇಗ ತುಂಬುವಂಥದ್ದಲ್ಲ. ಗೈಡ್ ಆರಿಸುವುದರಿಂದ ಹಿಡಿದು ಫೋಟೋ ತೆಗೆಯುವವರೆಗೆ ಎಲ್ಲ ತೀರ್ಮಾನವನ್ನೂ ಈ ಲೆಕ್ಕದಲ್ಲೇ ಮಾಡಿ.

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನ ನಾಲ್ಕು ಗಂಟೆಯೊಳಗಿನ ಹಾದಿ. ಅಲ್ಲಿನ ಸಮಯ ನಮಗಿಂತ ಒಂದೂವರೆ ಗಂಟೆ ಮುಂದೆ. 2025ರ ಮೇ 1ರಿಂದ ಥಾಯ್ಲೆಂಡ್ ಡಿಜಿಟಲ್ ಆಗಮನ ಕಾರ್ಡ್ ಕಡ್ಡಾಯ ಮಾಡಿದೆ. ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ತೆಗೆಯುವ ಮುಂಚೆ ರಾಯಭಾರ ಕಚೇರಿಯ ಮಾಹಿತಿಯನ್ನೇ ನೋಡಿ. ವಿಮಾನ ಇಳಿದ ದಿನವೇ ಗಾಳಕ್ಕೆ ಹೋಗಬೇಡಿ. ನಿದ್ದೆಗೆಟ್ಟು, ಬಿಸಿಲಲ್ಲಿ ನಿಂತು, ನಲವತ್ತು ಕಿಲೋ ಎಳೆಯುವುದು ಸೊಂಟಕ್ಕೂ ತಲೆಗೂ ಒಳ್ಳೆಯದಲ್ಲ.

ವರ್ಷವಿಡೀ ಗಾಳ ಹಾಕಬಹುದು. ನವೆಂಬರ್‌ನಿಂದ ಫೆಬ್ರವರಿ ನಮಗೆ ಹಿತ, ಆದರೆ ರಾತ್ರಿ ತಂಪು ಜಾಸ್ತಿಯಾದ ವಾರಗಳಲ್ಲಿ ಕ್ಯಾಟ್‌ಫಿಷ್ ಮಂಕಾಗುತ್ತದೆ. ಮಾರ್ಚ್‌ನಿಂದ ಮೇ ಮೀನು ಚುರುಕು, ಮನುಷ್ಯರಿಗೆ ಕಷ್ಟ. ಬಿಸಿಲು 35 ಡಿಗ್ರಿ ಸಲೀಸಾಗಿ ದಾಟುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರು. ಏಪ್ರಿಲ್ 13ರಿಂದ 15ರ ಸೊಂಗ್‌ಕ್ರಾನ್ ಹಬ್ಬದ ಸುತ್ತಮುತ್ತ ಹಾಗೂ ಶನಿವಾರ, ಭಾನುವಾರ ಅಟ್ಟಣೆಯಲ್ಲಿ ಜನ ಹೆಚ್ಚು. ಜನ ಹೆಚ್ಚಾದಷ್ಟೂ ಲೈನ್ ಸಿಕ್ಕುಬೀಳುವುದೂ ಹೆಚ್ಚು. ವಾರದ ನಡುವಿನ ದಿನ ಆರಿಸಿ, ಬೆಳಕು ಹರಿಯುವಾಗಲೇ ಕೆರೆಯಲ್ಲಿರಿ. ಮುಂಜಾನೆಯಿಂದ ಹತ್ತು ಗಂಟೆವರೆಗೆ, ಮತ್ತೆ ಮೂರರ ನಂತರ ಮೀನು ಚೆನ್ನಾಗಿ ಕಚ್ಚುತ್ತದೆ.

ಗೈಡ್‌ಗೆ ದುಡ್ಡು ಕೊಡುವ ಮುಂಚೆ ಕೇಳಬೇಕಾದ ಪ್ರಶ್ನೆಗಳಿವೆ. ಹೇಳಿದ ಮೊತ್ತದಲ್ಲಿ ಕೆರೆಯ ಪ್ರವೇಶ, ರಾಡ್ ಬಾಡಿಗೆ, ಹೋಟೆಲಿನಿಂದ ಕರೆದೊಯ್ಯುವ ವಾಹನ, ಊಟ ಎಲ್ಲ ಸೇರಿದೆಯೇ? ಎರೆ ಎಷ್ಟು? ಇದನ್ನು ಖಂಡಿತ ಕೇಳಿ. ಬ್ರೆಡ್ ಪುಡಿ ಚೀಲಗಟ್ಟಲೆ ಖರ್ಚಾಗುತ್ತದೆ, ಕೆಲವರು ಮೊದಲ ಚೀಲದ ನಂತರ ಬೇರೆ ಲೆಕ್ಕ ಹಾಕುತ್ತಾರೆ. ಒಬ್ಬ ಗೈಡ್‌ಗೆ ಎಷ್ಟು ಜನ? ಇಬ್ಬರಿಗಿಂತ ಹೆಚ್ಚಾದರೆ ಏಕಕಾಲಕ್ಕೆ ಎರಡು ಮೀನು ಕಚ್ಚಿದಾಗ ನಿಮ್ಮ ಪಕ್ಕ ಯಾರೂ ಇರುವುದಿಲ್ಲ. ಕೊನೆಗೆ ಅವರು ಹಾಕಿರುವ ಫೋಟೋ ನೋಡಿ. ಮೀನನ್ನು ಒಣ ಹಲಗೆಯ ಮೇಲೆ ಮಲಗಿಸಿದ, ಕಿವಿರಿಗೆ ಕೈ ಹಾಕಿ ಎತ್ತಿದ ಚಿತ್ರಗಳಿದ್ದರೆ ಎಷ್ಟೇ ಅಗ್ಗವಿದ್ದರೂ ಬೇರೆಯವರನ್ನು ಹುಡುಕಿ. ಮೀನು ನೀರಲ್ಲೇ ಇರುವ ಚಿತ್ರಗಳೇ ಹೆಚ್ಚಿದ್ದರೆ ಅವರಿಗೆ ಕೆಲಸ ಗೊತ್ತಿದೆ ಎಂದರ್ಥ. ಒಂದು ದಿನಕ್ಕಾಗಿ ಊರಿನಿಂದ ರಾಡ್ ಹೊತ್ತೊಯ್ಯುವ ಅಗತ್ಯ ಇಲ್ಲ.

ಈಗ ಎರೆಯ ವಿಷಯ. ದಿನದ ಅರ್ಧ ಫಲ ಇದರಲ್ಲೇ ಇದೆ. ನಮ್ಮ ಕಾವೇರಿಯಲ್ಲಿ ಭೀಮೇಶ್ವರಿ ಕಡೆ ಮಹಶೀರ್‌ಗೆ ರಾಗಿ ಮುದ್ದೆ ಕಟ್ಟುತ್ತಿದ್ದುದನ್ನು ಕಂಡವರಿಗೆ ಇದು ಹೊಸದೆನಿಸದು; ಅಲ್ಲಿ ರಾಗಿ, ಇಲ್ಲಿ ಬ್ರೆಡ್. ವ್ಯತ್ಯಾಸ ಏನೆಂದರೆ ರಾಗಿ ಮುದ್ದೆ ಹರಿವ ನೀರಲ್ಲಿ ಗಟ್ಟಿಯಾಗಿ ಗಾಳಕ್ಕೆ ಅಂಟಿಕೊಂಡಿರಬೇಕು, ಇಲ್ಲಿನ ಉಂಡೆ ನಿಂತ ನೀರಲ್ಲಿ ಮೆಲ್ಲಗೆ ಕರಗಬೇಕು. ಒಣ ಬ್ರೆಡ್ ಪುಡಿಗೆ, ಕೆಲವೊಮ್ಮೆ ಅಕ್ಕಿ ತವುಡನ್ನೂ ಸೇರಿಸಿ, ನೀರು ಮತ್ತು ಕಾಯಿಹಾಲು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾರೆ. ಒಮ್ಮೆಗೇ ಸುರಿದರೆ ಹೊರಗೆ ಅಂಟು, ಒಳಗೆ ಒಣ ಪುಡಿ. ಬೆರೆಸಿ ಹತ್ತು ನಿಮಿಷ ಬಿಡಿ, ಪುಡಿ ತೇವ ಹೀರಿಕೊಳ್ಳಲಿ. ಆಮೇಲೆ ಮುಷ್ಟಿಯಲ್ಲಿ ಅದುಮಿ ನೋಡಿ: ಉಂಡೆ ನಿಲ್ಲಬೇಕು, ಹೆಬ್ಬೆರಳಿನಿಂದ ಒತ್ತಿದರೆ ಒಡೆಯಬೇಕು. ಒಂದು ಉಂಡೆಯನ್ನು ಬಕೆಟ್ ನೀರಿಗೆ ಬಿಟ್ಟರೆ ಐದು ನಿಮಿಷಕ್ಕೆ ಅಂಚು ಉದುರತೊಡಗಿ, ಕಾಲು ಗಂಟೆಯಲ್ಲಿ ಮುಗಿಯಬೇಕು. ತೇವ ಹೆಚ್ಚಾದರೆ ಬೀಸುವಾಗಲೇ ಉಂಡೆ ಗಾಳಿಯಲ್ಲಿ ಹಾರಿಹೋಗುತ್ತದೆ. ಹೆಚ್ಚು ಅದುಮಿದರೆ ಅರ್ಧ ಗಂಟೆಯಾದರೂ ಕರಗದೆ, ಒಳಗಿನ ಗಾಳ ಮೀನಿನ ಬಾಯಿಗೆ ಸಿಗುವುದೇ ಇಲ್ಲ.

ಲೈನ್ ತುದಿಯಲ್ಲಿ ಒಂದು ಲೋಹದ ಸ್ಪ್ರಿಂಗ್, ಅದಕ್ಕೆ ಗೇಣುದ್ದಕ್ಕಿಂತ ಕಡಿಮೆ ಇರುವ ಮೆತ್ತನೆ ಹೆಣೆದ ದಾರ, ದಾರದ ತುದಿಗೆ ಗಾಳ. ಸ್ಪ್ರಿಂಗ್ ಸುತ್ತ ದೊಡ್ಡ ಮೋಸಂಬಿ ಗಾತ್ರದಿಂದ ಸಣ್ಣ ತೆಂಗಿನಕಾಯಿ ಗಾತ್ರದವರೆಗೆ ಉಂಡೆ ಕಟ್ಟಿ, ಗಾಳವನ್ನು ಅದರ ಪಕ್ಕಕ್ಕೆ ಮೇಲ್ಮೇಲೆ ಹುದುಗಿಸುತ್ತಾರೆ. ನಡುವಿಗೆ ತುರುಕಬಾರದು. ಮೀನು ಉದುರುವ ಪುಡಿಯನ್ನು ನೀರಿನ ಜೊತೆ ಹೀರುವಾಗ ಗಾಳವೂ ಒಳಗೆ ಹೋಗಬೇಕು, ಅದಕ್ಕೇ ಆ ದಾರ ಮೆತ್ತಗೆ, ಗಿಡ್ಡವಾಗಿ ಇರುವುದು. ಮೇಲೊಂದು ದೊಡ್ಡ ಬೆಂಡು. ಬೂಕ್‌ಗೆ ಉಂಡೆ ನೀರಿನ ನಡುಮಟ್ಟದಲ್ಲಿ ತೂಗುವ ಹಾಗೆ, ಕಾಹೋಗೆ ತಳ ಮುಟ್ಟುವ ಹಾಗೆ ಬೆಂಡನ್ನು ಸರಿಸುತ್ತಾರೆ. ಉಂಡೆಯ ಭಾರಕ್ಕೆ ಬೆಂಡು ತುಸು ಮುಳುಗಿರುತ್ತದೆ. ಕರಗಿದ ಹಾಗೆ ಏಳುತ್ತದೆ. ಪೂರ್ತಿ ಎದ್ದು ತೇಲುತ್ತಿದ್ದರೆ ಎರೆ ಮುಗಿದಿದೆ, ಕಾಯುವುದು ವ್ಯರ್ಥ. ಎಳೆದು ಮತ್ತೆ ಕಟ್ಟಿ ಅದೇ ಜಾಗಕ್ಕೆ ಬೀಸಿ. ಅದೇ ಜಾಗಕ್ಕೆ ಎನ್ನುವುದನ್ನು ಒತ್ತಿ ಹೇಳಬೇಕು. ಕಾಲು ಗಂಟೆಗೊಮ್ಮೆ ಒಂದೇ ಕಡೆ ಉಂಡೆ ಬಿದ್ದರೆ ಮೀನು ಅಲ್ಲಿಗೆ ಸೇರುತ್ತದೆ, ದಿಕ್ಕಿಗೊಂದು ಬೀಸಿದರೆ ಎಲ್ಲಿಯೂ ಸೇರುವುದಿಲ್ಲ. ಮೊದಲ ಒಂದು ಗಂಟೆ ಏನೂ ಆಗದಿದ್ದರೆ ಬೇಸರ ಬೇಡ.

ಬೆಂಡು ಅಲುಗಾಡಿದ್ದಕ್ಕೆಲ್ಲ ಎಳೆಯಬಾರದು. ಬಹಳ ಸಲ ಅದು ಸವಾಯ್ ಬಾಲ ತಾಗಿಸಿದ್ದು, ಇಲ್ಲವೇ ಲೈನಿಗೆ ಮೈ ಉಜ್ಜಿದ್ದು. ಬೆಂಡು ಓರೆಯಾಗಿ ಕೆಳಕ್ಕೆ ಹೋಗಿ ಕಾಣೆಯಾದಾಗ ಸಡಿಲ ಲೈನ್ ಸುತ್ತಿಕೊಂಡು, ರಾಡನ್ನು ಒಮ್ಮೆ ಗಟ್ಟಿಯಾಗಿ ಹಿಂದಕ್ಕೆ ಎತ್ತಿ. ಮೊದಲ ಓಟದಲ್ಲಿ ನೀವು ಮಾಡಬೇಕಾದ್ದು ಏನೂ ಇಲ್ಲ, ರಾಡ್ ಎತ್ತಿ ಹಿಡಿದಿರುವುದಷ್ಟೇ. ಈ ಮೊದಲ ಅರ್ಧ ನಿಮಿಷದಲ್ಲೇ ಹೆಚ್ಚಿನ ಮೀನು ತಪ್ಪಿಹೋಗುವುದು, ಡ್ರ್ಯಾಗ್ ಬಿಗಿಯಾಗಿರುವುದರಿಂದ. ಡ್ರ್ಯಾಗ್ ಅಂದರೆ ರೀಲ್ ಎಷ್ಟು ಭಾರಕ್ಕೆ ಲೈನ್ ಬಿಟ್ಟುಕೊಡಬೇಕು ಎಂಬ ಬಿಗಿತ. ಲೈನಿನ ತಾಕತ್ತಿನ ಮೂರನೇ ಒಂದು ಭಾಗ ಮೀರದ ಹಾಗೆ ಇಡಬೇಕು: 50 ಪೌಂಡ್ ಲೈನ್ ಎಂದರೆ ಸುಮಾರು 23 ಕಿಲೋ, ಡ್ರ್ಯಾಗ್ 7 ಕಿಲೋ ಆಸುಪಾಸು. ಬೆಳಗ್ಗೆಯೇ ಗೈಡ್‌ಗೆ ಹೇಳಿ ತೂಕದ ಸ್ಪ್ರಿಂಗ್ ಕಾಟಾ ಸಿಕ್ಕಿಸಿ ನೋಡಿಕೊಳ್ಳಿ. ಹೋರಾಟದ ನಡುವೆ ಆ ತಿರುಪನ್ನು ಮುಟ್ಟಬೇಡಿ. ಓಡುವ ಹೆಣೆದ ಲೈನನ್ನು ಬೆರಳಿನಿಂದ ತಡೆಯಲೂ ಬೇಡಿ, ಚರ್ಮ ಕೊಯ್ದುಬಿಡುತ್ತದೆ.

ಓಟ ನಿಂತ ಮೇಲೆ ನಿಮ್ಮ ಕೆಲಸ ಶುರು. ಕಾವೇರಿಯ ಮಹಶೀರ್ ಹರಿವನ್ನು ಬಳಸಿಕೊಂಡು ಬಂಡೆಗಳ ಕಡೆ ನುಗ್ಗುತ್ತದೆ. ಬೂಕ್ ಹಾಗಲ್ಲ, ಆಳಕ್ಕಿಳಿದು ತನ್ನ ಭಾರವನ್ನೇ ನಿಮ್ಮ ಮೇಲೆ ಹಾಕಿ ನಿಲ್ಲುತ್ತದೆ. ರಾಡ್ ಬುಡವನ್ನು ಸೊಂಟದ ಪಟ್ಟಿಯ ಗೂಡಿಗೆ ಕೂರಿಸಿ, ಮಂಡಿ ತುಸು ಬಗ್ಗಿಸಿ, ನಿಧಾನಕ್ಕೆ ರಾಡ್ ಎತ್ತಿ. ಇಳಿಸುವಾಗ ಮಾತ್ರ ರೀಲ್ ಸುತ್ತಿ. ಮೀನು ಲೈನ್ ಎಳೆದುಕೊಳ್ಳುತ್ತಿರುವಾಗ ಸುತ್ತಿದರೆ ಲೈನ್ ತಿರುಚಿಕೊಳ್ಳುವುದೇ ಹೊರತು ಒಂದು ಅಡಿಯೂ ಬರುವುದಿಲ್ಲ. ಬೆನ್ನಿನಿಂದ ಎತ್ತಬೇಡಿ, ಕಾಲಿನಿಂದ ಎತ್ತಿ. ಮೀನು ಹತ್ತಿರ ಬಂದಾಗ ಎರಡು ಅಪಾಯ: ರಾಡನ್ನು ನೆಟ್ಟಗೆ ಹಿಂದಕ್ಕೆ ಬಗ್ಗಿಸಿದರೆ ತುದಿ ಮುರಿಯುತ್ತದೆ, ಮೀನು ಅಟ್ಟಣೆಯ ಕೆಳಗೆ ನುಗ್ಗಿದರೆ ಕಂಬಕ್ಕೆ ಉಜ್ಜಿ ಲೈನ್ ತುಂಡಾಗುತ್ತದೆ. ಆಗ ರಾಡ್ ತುದಿಯನ್ನು ನೀರೊಳಗೆ ಇಳಿಸಿ, ಮೀನನ್ನು ಪಕ್ಕಕ್ಕೆ ತಿರುಗಿಸಬೇಕು. ಅಕ್ಕಪಕ್ಕದವರು ತಮ್ಮ ಲೈನ್ ಎತ್ತಿಕೊಳ್ಳುವುದು ಅಲ್ಲಿನ ರೂಢಿ, ಅವರಿಗೆ ಕಚ್ಚಿದಾಗ ನೀವೂ ಹಾಗೆಯೇ ಮಾಡಿ. ದೊಡ್ಡ ಮೀನಾದರೆ ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆಯೇ ಹಿಡಿಯಬಹುದು. ಸುಸ್ತಾದರೆ ನಾಚಿಕೆಪಡದೆ ರಾಡನ್ನು ಗೈಡ್ ಕೈಗೆ ಕೊಡಿ. ನೀವು ಎಳೆದಾಡುತ್ತ ಹೋದಷ್ಟೂ ಮೀನಿಗೆ ಕಷ್ಟ.

ಯಾಕೆಂದರೆ ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ. 15 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 10 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 30 ಡಿಗ್ರಿಯಲ್ಲಿ ಬರೀ ಏಳೂವರೆ. ದಣಿದ ಮೀನಿಗೆ ಅದೇ ಹೊತ್ತಿನಲ್ಲಿ ಹೆಚ್ಚು ಬೇಕು. ಆದ್ದರಿಂದ ಬಲೆಯೊಳಗೆ ಬಂದ ಮೀನು ನೀರಲ್ಲೇ ಇರಲಿ, ಗಾಳವನ್ನು ಅಲ್ಲೇ ಬಿಡಿಸಲಿ. ಗಾಳದ ಹಿಮ್ಮುಳ್ಳನ್ನು ಮೊದಲೇ ಇಕ್ಕಳದಿಂದ ಅದುಮಿಟ್ಟಿದ್ದರೆ ಇದು ಕ್ಷಣದ ಕೆಲಸ. ಫೋಟೋಗೆ ಕೈ ಒದ್ದೆ ಮಾಡಿಕೊಂಡು, ಒಂದು ಕೈ ಎದೆಯ ಕೆಳಗೆ, ಇನ್ನೊಂದು ಬಾಲದ ಬುಡದಲ್ಲಿ ಇಟ್ಟು, ಮೀನಿನ ತಲೆ ನೀರಿನ ಮಟ್ಟದಲ್ಲೇ ಇರುವಂತೆ ಹಿಡಿಯಿರಿ. ಕ್ಯಾಮೆರಾ ಸಿದ್ಧವಾದ ಮೇಲಷ್ಟೇ ಮುಟ್ಟಿ. ಬೂಕ್‌ಗೆ ಹುರುಪೆ ಇಲ್ಲ, ಲೋಳೆಯೇ ಅದರ ರಕ್ಷಣೆ; ಸನ್‌ಸ್ಕ್ರೀನ್, ಸೊಳ್ಳೆ ಕ್ರೀಮ್ ಮೆತ್ತಿದ ಕೈಯನ್ನು ಮೊದಲು ತೊಳೆದುಕೊಳ್ಳಿ. ಎದೆಯ ರೆಕ್ಕೆಯ ಮುಂದಿನ ಮುಳ್ಳು ಗಟ್ಟಿ, ಅದರ ಹತ್ತಿರ ಬೆರಳಿಡಬೇಡಿ. ಬಿಡುವಾಗ ನೂಕಬಾರದು. ನೆಟ್ಟಗೆ ಹಿಡಿದು, ಕಿವಿರು ಒಂದೇ ಸಮನೆ ಆಡತೊಡಗಿ, ಬಾಲ ತಾನಾಗಿ ಬೀಸುವವರೆಗೆ ಕಾಯಬೇಕು.

ಥಾಯ್ಲೆಂಡ್‌ನ ಹಲವು ಕೆರೆಗಳಲ್ಲಿ ಅಮೆಜಾನ್ ಮೂಲದ ಅರಪೈಮಾ, ಕೆಂಪು ಬಾಲದ ಕ್ಯಾಟ್‌ಫಿಷ್ ಕೂಡ ಸಾಕುತ್ತಾರೆ. ಅವು ಮಾಂಸಾಹಾರಿಗಳು, ಎರೆ ಮೀನಿನ ತುಂಡು. ಅರಪೈಮಾ ಗಾಳಿ ಕುಡಿಯಲು ನೀರಿನ ಮೇಲೆ ಬರಲೇಬೇಕಾದ ಮೀನು, ಬಲೆಯೊಳಗೂ ತಲೆ ಎತ್ತಲು ಜಾಗ ಬೇಕು. ತಲೆ ಮೂಳೆಗಟ್ಟಿ, ದಿಢೀರನೆ ಹಾರಿದರೆ ಎದೆಗೆ ಬಡಿಯುತ್ತದೆ. ಮೊದಲ ಸಲ ಹೋಗುವವರು ಬೂಕ್‌ನಿಂದಲೇ ಶುರು ಮಾಡುವುದು ಲೇಸು.

ಟೋಪಿ, ತುಂಬುತೋಳಿನ ತೆಳು ಅಂಗಿ, ಜಾರದ ಚಪ್ಪಲಿ, ಪೋಲರೈಜ್ಡ್ ಕನ್ನಡಕ, ಒಂದು ಜೊತೆ ಬಟ್ಟೆ ತೆಗೆದುಕೊಳ್ಳಿ. ಕಾಯಿಹಾಲು ಹುಳಿತ ವಾಸನೆ ಬಟ್ಟೆಯಿಂದ ಸುಲಭಕ್ಕೆ ಹೋಗುವುದಿಲ್ಲ. ನೀರಿನ ಜೊತೆ ಓಆರ್‌ಎಸ್ ಪೊಟ್ಟಣವೂ ಇರಲಿ. ಸಸ್ಯಾಹಾರಿಗಳು ಗಮನಿಸಿ: ತರಕಾರಿ ಪಲ್ಯಕ್ಕೂ ಅಲ್ಲಿ ಮೀನಿನ ಸಾಸ್ ಹಾಕುತ್ತಾರೆ. 'ಜೇ' ಎಂದರೆ ಪೂರ್ತಿ ಸಸ್ಯಾಹಾರ ಎಂದು ಅರ್ಥವಾಗುತ್ತದೆ, ಆದರೂ ಕೆರೆಯ ಅಡುಗೆಮನೆಯಲ್ಲಿ ಅದು ಸಿಗುವ ಭರವಸೆ ಇಲ್ಲ. ಚಪಾತಿ, ಹಣ್ಣು, ಅವಲಕ್ಕಿ ಕಟ್ಟಿಕೊಂಡು ಹೋದರೆ ನೆಮ್ಮದಿ. ಗೈಡ್‌ಗೆ ಕೊಡುವ ಟಿಪ್ಸನ್ನು ಬಾತ್ ನೋಟಿನಲ್ಲೇ ಬೇರೆ ಇಟ್ಟುಕೊಳ್ಳಿ. ಸಂಜೆ ಐದರಿಂದ ಏಳರವರೆಗೆ ಬ್ಯಾಂಕಾಕ್‌ನ ವಾಹನ ದಟ್ಟಣೆ ವಿಪರೀತ, ಅದೇ ರಾತ್ರಿಯ ವಿಮಾನಕ್ಕೆ ಟಿಕೆಟ್ ಮಾಡಿಸಿಕೊಂಡಿದ್ದರೆ ಮೂರು ಗಂಟೆಗೇ ರಾಡ್ ಇಳಿಸಬೇಕಾಗುತ್ತದೆ, ಅಂದರೆ ಮೀನು ಮತ್ತೆ ಕಚ್ಚಲು ಶುರುಮಾಡುವ ಹೊತ್ತಿಗೇ. ಮರುದಿನದ ಟಿಕೆಟ್ ಮಾಡಿಸಿ.