ಪಂಚಾಯಿತಿ ಛಾವಣಿಯ ಮೇಲಿನ ಮಳೆ

ನಮ್ಮ ಮನೆಯ ಜಗಲಿಯಲ್ಲಿ ಮೊಳೆಗೆ ನೇತುಹಾಕಿದ ಉದ್ದನೆಯ ಲೆಕ್ಕದ ಪುಸ್ತಕವೊಂದಿದೆ. ಅದರಲ್ಲಿ ಅಪ್ಪಯ್ಯ ಮೂವತ್ತು ವರ್ಷ ಮಳೆಯನ್ನು ಇಂಚಿನಲ್ಲಿ ಬರೆದಿಟ್ಟರು. ಅವರ ನಂತರ ನಾನು ಮಿಲಿಮೀಟರಿನಲ್ಲಿ ಬರೆಯುತ್ತಿದ್ದೇನೆ. ಅಂಗಳದಂಚಿನ ಕಲ್ಲುಕಂಬದ ಮೇಲೆ ಕೂರಿಸಿದ ಮಳೆಮಾಪಕ, ನೀರು ಅಳೆಯಲು ಗೆರೆ ಹಾಕಿದ ಗಾಜಿನ ಪಾತ್ರೆ, ಬೆಳಿಗ್ಗೆ ಎಂಟೂವರೆಗೆ ತಪ್ಪದೆ ಹೋಗಿ ನೋಡುವ ಅಭ್ಯಾಸ, ಇಷ್ಟೇ ನಮ್ಮ ಸಲಕರಣೆ. 2024ರ ಜುಲೈ ತಿಂಗಳ ಪುಟದಲ್ಲಿ, ಪುಷ್ಯ ಮಳೆ ಹಿಡಿದ ನಾಲ್ಕು ದಿನಗಳ ಮೊತ್ತ 611 ಮಿ.ಮೀ. ಎಂದಿದೆ. ನಮ್ಮ ಪಂಚಾಯಿತಿ ಕಟ್ಟಡದ ಮೇಲಿನ ಸರ್ಕಾರಿ ಮಳೆಮಾಪಕ ಯಂತ್ರವು ಅಡಿಕೆ ಬೆಳೆ ವಿಮೆಯ ಲೆಕ್ಕಕ್ಕೆ ಕಳುಹಿಸಿದ ಅಂಕಿಗಳಲ್ಲಿ ಆ ನಾಲ್ಕು ದಿನಗಳ ಪೈಕಿ ಎರಡು ದಿನ ಸೊನ್ನೆ ಇತ್ತು.

ಈ ಸೊನ್ನೆಯ ಬೆಲೆ ಎಷ್ಟೆಂದು ತಿಳಿಯಬೇಕಾದರೆ ವಿಮೆಯ ಸ್ವರೂಪವನ್ನು ಸ್ವಲ್ಪ ಹೇಳಬೇಕು. ಹವಾಮಾನ ಆಧಾರಿತ ಬೆಳೆ ವಿಮೆ 2016ರ ಮುಂಗಾರಿನಿಂದ ಈಗಿನ ಮರುವಿನ್ಯಾಸಗೊಂಡ ರೂಪದಲ್ಲಿ ನಡೆಯುತ್ತಿದೆ. ನಮ್ಮ ಭಾಗದಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ಅದರ ಶೇಕಡಾ 5ರಷ್ಟು, ಅಂದರೆ 6,400 ರೂಪಾಯಿ, ರೈತನ ಕಂತು. ಎಕರೆಗೆ ಇಳಿಸಿದರೆ ಇದು ಸುಮಾರು 2,590 ರೂಪಾಯಿ. ಕಂತಿನ ಉಳಿದ ಭಾಗವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. ಇದರ ವಿಶೇಷವೆಂದರೆ ತೋಟಕ್ಕೆ ಬಂದು ಯಾರೂ ನಷ್ಟವನ್ನು ನೋಡುವುದಿಲ್ಲ. ನಿಗದಿತ ಅವಧಿಯಲ್ಲಿ ಇಷ್ಟು ಮಳೆ ಬಿದ್ದರೆ, ಹವೆಯ ತೇವ ಇಷ್ಟು ದಿನ ಹೀಗೇ ಇದ್ದರೆ, ಇಷ್ಟು ಪರಿಹಾರ ಎಂಬ ಕೋಷ್ಟಕವನ್ನು ಮೊದಲೇ ಮಾಡಿಟ್ಟಿರುತ್ತಾರೆ. ಗ್ರಾಮ ಪಂಚಾಯಿತಿಯ ಯಂತ್ರದ ಅಂಕಿಯನ್ನು ಅದರೊಳಗೆ ಹಾಕಿದರೆ ಮೊತ್ತ ತಾನಾಗಿಯೇ ಹೊರಬರುತ್ತದೆ.

ಈ ಪದ್ಧತಿಯನ್ನು ನಾನು ಮೊದಲು ಸ್ವಾಗತಿಸಿದವನು, ಈಗಲೂ ವಿರೋಧಿಯಲ್ಲ. ಮಳೆಗಾಲದಲ್ಲಿ ಅಡಿಕೆಯ ಎಳೆಗಾಯಿಗಳನ್ನು ಉದುರಿಸುವ ಕೊಳೆರೋಗದ ನಷ್ಟವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಬಂದವರಿಗೆ ಯಾರ ತೋಟ ಕಾಣಿಸಬೇಕು, ಯಾರದು ಕಾಣಿಸಬಾರದು ಎಂಬುದೇ ಆಗ ಊರಿನ ರಾಜಕೀಯವಾಗಿತ್ತು. ಕೊಳೆಗೂ ಮಳೆಗೂ ಇರುವ ನಂಟು ನಿಜವಾದದ್ದು. ಫೈಟಾಫ್ಥೊರಾ ಎಂಬ ರೋಗಾಣು ಬಿಡುವಿಲ್ಲದ ತೇವದಲ್ಲಿ ಗೊನೆಯಿಂದ ಗೊನೆಗೆ ಹಬ್ಬುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ನೂರು ವರ್ಷಗಳಿಗೂ ಹಿಂದೆ ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಆ ಲೆಕ್ಕವೇ ಇಂದಿಗೂ ನಡೆಯುತ್ತಿದೆ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಔಷಧಿ ಹೊಡೆಯಬೇಕು. ಆ ಎರಡನೆಯ ಸಲಕ್ಕೆ ಅರ್ಧ ದಿನವಾದರೂ ಮಳೆ ಬಿಟ್ಟು ಹೊಳವಾಗಬೇಕು, ಅದೇ ದಿನ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನೂ ಸಿಗಬೇಕು. ‘ಆಶ್ಲೇಷ ಮಳೆ ಈಸಲಾರದ ಹೊಳೆ’ ಎಂಬ ಗಾದೆಯಿರುವ ಊರಿನಲ್ಲಿ ಈ ಎರಡೂ ಕೂಡಿಬರುವುದು ಎಷ್ಟು ಅಪರೂಪ ಎಂಬುದನ್ನು ತೋಟದವರಿಗೆ ಹೇಳಬೇಕಾಗಿಲ್ಲ. ಆದ್ದರಿಂದ ನಷ್ಟವನ್ನು ಬಿಟ್ಟು ಮಳೆಯನ್ನೇ ಅಳೆಯೋಣ ಎಂದವರ ತರ್ಕದಲ್ಲಿ ದೋಷವಿಲ್ಲ.

ತೊಂದರೆ ಇರುವುದು ಅಳೆಯುವುದರಲ್ಲಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ಸಂಸ್ಥೆ. ರಾಜ್ಯದಾದ್ಯಂತ ಅದು ಸುಮಾರು 6,500 ಮಳೆಮಾಪಕ ಯಂತ್ರಗಳನ್ನು ನಿಲ್ಲಿಸಿದೆ. ಸೌರಫಲಕದಿಂದ ನಡೆದು, ಹದಿನೈದು ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ಅಂಕಿ ಕಳುಹಿಸುವ ಈ ವ್ಯವಸ್ಥೆಯ ಬಗ್ಗೆ ಕನ್ನಡಿಗರು ಹೆಮ್ಮೆಪಡಬಹುದು. ಪಂಚಾಯಿತಿ ಮಟ್ಟದವರೆಗೆ ಇಷ್ಟು ದಟ್ಟವಾಗಿ ಮಳೆಯನ್ನು ಅಳೆಯುವ ಸಾಹಸವನ್ನು ನಮ್ಮ ರಾಜ್ಯ ಬಹಳ ಮೊದಲೇ ಮಾಡಿತು. ಯಂತ್ರದ ಒಳಗಿನ ಕೆಲಸ ಸರಳ. ಮೇಲೊಂದು ಆಲಿಕೆ, ಕೆಳಗೆ ಏತದಂತೆ ಅತ್ತಿತ್ತ ವಾಲುವ ಎರಡು ಪುಟ್ಟ ಬಟ್ಟಲು. ಒಂದು ಬಟ್ಟಲು ನಿಗದಿತ ಅಳತೆಗೆ ತುಂಬಿದಾಗ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ, ಪ್ರತಿ ವಾಲುವಿಕೆಯೂ ಒಂದು ಎಣಿಕೆ.

ಈ ಸರಳ ಯಂತ್ರವನ್ನು ಕೆಡಿಸಲು ಮಲೆನಾಡಿನಲ್ಲಿ ಸಿಡಿಲೇ ಬೇಕೆಂದಿಲ್ಲ. ಒಂದು ತರಗೆಲೆ ಆಲಿಕೆಯ ಬಾಯಿಗೆ ಕೂತರೆ ಸಾಕು, ಜೇಡ ಬಟ್ಟಲಿನ ನಡುವೆ ಬಲೆ ಹೆಣೆದರೆ ಸಾಕು, ಇರುವೆ ಗೂಡು ಮಾಡಿದರಂತೂ ಮುಗಿಯಿತು. ಯಂತ್ರ ಸರಿಯಿದ್ದಾಗಲೂ, ಮಳೆ ಸುರಿಯುವ ವೇಗ ಮಿತಿ ಮೀರಿದರೆ ಬಟ್ಟಲು ವಾಲುವ ಕ್ಷಣದಲ್ಲಿ ಬೀಳುವ ನೀರು ಲೆಕ್ಕಕ್ಕೆ ಸಿಗದೆ ಹೋಗುವುದರಿಂದ ಇಂತಹ ಮಾಪಕಗಳು ಜಡಿಮಳೆಯನ್ನು ಕಡಿಮೆಯಾಗಿಯೇ ಎಣಿಸುತ್ತವೆ. ಸೌರಫಲಕಕ್ಕೆ ಬಿಸಿಲು ಬೇಕು; ಯಂತ್ರ ಅತ್ಯಂತ ಅಗತ್ಯವಾದ ತಿಂಗಳಲ್ಲೇ ನಮ್ಮಲ್ಲಿ ಸೂರ್ಯನ ದರ್ಶನವಿಲ್ಲ. ಜೊತೆಗೆ ಮೂರು ದಿನ ಕರೆಂಟು ಹೋದರೆ ಮೊಬೈಲ್ ಟವರಿನ ಡೀಸೆಲ್ ಮುಗಿದು ನೆಟ್‌ವರ್ಕ್ ಕೂಡ ಮಲಗುತ್ತದೆ. ಒಟ್ಟಿನಲ್ಲಿ, ಮಳೆ ಜೋರಾದಷ್ಟೂ ಮಳೆಯ ಸಾಕ್ಷಿ ಮೌನವಾಗುವ ಸಂಭವ ಹೆಚ್ಚು. ಬಯಲುಸೀಮೆಯಲ್ಲಿ ಬರವನ್ನು ಅಳೆಯುವಾಗ ಈ ಕಷ್ಟ ಇಷ್ಟು ಕಾಡಲಾರದು.

ಯಂತ್ರ ಅಂಕಿ ಕಳುಹಿಸದ ದಿನಗಳಿಗೆ ಹತ್ತಿರದ ಇನ್ನೊಂದು ಕೇಂದ್ರದ ಅಂಕಿಯನ್ನು ಬಳಸಬಹುದೆಂದು ನಿಯಮದಲ್ಲಿದೆ. ನಕ್ಷೆ ನೋಡಿದವರಿಗೆ ಇದು ಸಮಂಜಸವೆನಿಸುತ್ತದೆ, ಘಟ್ಟದಲ್ಲಿ ಬದುಕುವವರಿಗೆ ಅಲ್ಲ. ಶಿವಮೊಗ್ಗ ನಗರದಲ್ಲಿ ವರ್ಷಕ್ಕೆ ಬೀಳುವುದು ಸಾವಿರ ಮಿಲಿಮೀಟರಿನ ಆಸುಪಾಸಿನ ಮಳೆ. ಅದೇ ಜಿಲ್ಲೆಯ ಆಗುಂಬೆಯಲ್ಲಿ ಏಳು ಸಾವಿರ ದಾಟುತ್ತದೆ. ನಮ್ಮ ಹೊಸನಗರ ತಾಲ್ಲೂಕಿನಲ್ಲೇ ಹುಲಿಕಲ್ ಕಡೆಯ ಮಳೆಗೂ ಪೂರ್ವದ ಅಂಚಿನ ಮಳೆಗೂ ಹೋಲಿಕೆಯಿಲ್ಲ. ಇಲ್ಲಿ ಒಂದು ಗುಡ್ಡ ದಾಟಿದರೆ ಮಳೆ ಬೇರೆ. ಹತ್ತಿರ ಎಂಬುದು ಕಿಲೋಮೀಟರಿನಲ್ಲಿ ಹತ್ತಿರ, ಮೋಡಕ್ಕೆ ಅಲ್ಲ. ಇನ್ನು ಖಾಲಿ ಬಂದ ದಿನಕ್ಕಾದರೂ ಬದಲಿ ಅಂಕಿ ಸಿಗುತ್ತದೆ. ಆಲಿಕೆ ಕಟ್ಟಿಕೊಂಡು ಯಂತ್ರವೇ ‘ಸೊನ್ನೆ’ ಎಂದು ಕಳುಹಿಸಿದರೆ ಅದನ್ನು ದೋಷವೆಂದು ಗುರುತಿಸುವುದು ಯಾರು? ನಮ್ಮಲ್ಲಿ ಆದದ್ದು ಅದೇ ಎಂಬುದು ನನ್ನ ಅನುಮಾನ.

ಪರಿಹಾರದ ಪಟ್ಟಿ ಬಂದಾಗ ಪಕ್ಕದ ಪಂಚಾಯಿತಿಯವರಿಗೆ ಸಿಕ್ಕಿದ ಮೊತ್ತದ ಮೂರನೆಯ ಒಂದು ಭಾಗವೂ ನಮಗೆ ಸಿಕ್ಕಿರಲಿಲ್ಲ. ನಾನು ಪುಸ್ತಕವನ್ನು ಹಿಡಿದುಕೊಂಡೇ ಸೊಸೈಟಿಗೆ ಹೋದೆ. ಕಾರ್ಯದರ್ಶಿಗಳು ಪುಟ ತಿರುವಿ ನೋಡಿ, ‘ಮಳೆ ನಿಮ್ಮ ತೋಟಕ್ಕೆ ಬಂದದ್ದು ಹೌದು ಮಾರಾಯ್ರೇ, ನನ್ನ ತೋಟಕ್ಕೂ ಬಂದಿದೆ, ಕಂಪ್ಯೂಟರಿಗೆ ಬಂದಿಲ್ಲ ನೋಡಿ’ ಎಂದರು. ಪಂಚಾಯಿತಿಯಲ್ಲಿ ಕೇಳಿದರೆ ಯಂತ್ರ ತಮ್ಮದಲ್ಲ, ಜಾಗ ಮಾತ್ರ ತಮ್ಮದು ಎಂದರು. ವಿಮಾ ಕಂಪನಿಯ ದೂರವಾಣಿಯಲ್ಲಿ ಸಿಕ್ಕ ಹುಡುಗಿ ಬಹಳ ವಿನಯದಿಂದ, ದತ್ತಾಂಶ ಸರ್ಕಾರದ್ದು, ಲೆಕ್ಕ ಮಾತ್ರ ತಮ್ಮದು ಎಂದಳು. ಪ್ರತಿಯೊಬ್ಬರ ಮಾತೂ ಅವರವರ ಮಟ್ಟಿಗೆ ನಿಜವಾಗಿತ್ತು ಎಂಬುದೇ ನನಗೆ ಹೆಚ್ಚು ಕಸಿವಿಸಿ ಉಂಟುಮಾಡಿತು.

ಇದರ ಮೇಲೆ ಬೆಳೆ ಸಮೀಕ್ಷೆಯ ಗೊಂದಲ ಬೇರೆ. ಪಹಣಿಯ ಬೆಳೆ ಕಾಲಮ್ಮಿನಲ್ಲಿ ಅಡಿಕೆ ಇದ್ದು, ಸಮೀಕ್ಷೆಯ ಆ್ಯಪಿನಲ್ಲಿ ಭತ್ತ ಎಂದು ದಾಖಲಾಗಿದ್ದರೆ ವಿಮೆಯ ಅರ್ಜಿ ತಿರಸ್ಕೃತವಾಗುತ್ತದೆ. ಅದರ ಕಥೆಯೇ ಇನ್ನೊಂದು ಬರಹದಷ್ಟಿದೆ, ಇಲ್ಲಿ ಬೇಡ.

2025ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಬೆಳೆ ವಿಮೆಯ ತಂತ್ರಜ್ಞಾನಕ್ಕೆಂದು 824.77 ಕೋಟಿ ರೂಪಾಯಿಗಳ ನಿಧಿಗೆ ಒಪ್ಪಿಗೆ ಕೊಟ್ಟಿತು. ಉಪಗ್ರಹ ಚಿತ್ರಗಳಿಂದ ಇಳುವರಿಯನ್ನು ಅಂದಾಜು ಮಾಡುವುದು ಅದರ ಒಂದು ಭಾಗ. ದೇಶದ ಪ್ರತಿ ಪಂಚಾಯಿತಿಯಲ್ಲೂ ಮಳೆಮಾಪಕ, ಪ್ರತಿ ಬ್ಲಾಕಿನಲ್ಲೂ ಸ್ವಯಂಚಾಲಿತ ಹವಾಮಾನ ಕೇಂದ್ರ ನಿಲ್ಲಿಸುವ ‘ವಿಂಡ್ಸ್’ ಯೋಜನೆ ಇನ್ನೊಂದು ಭಾಗ. ಮೊದಲನೆಯದು ಗೋಧಿ, ಭತ್ತದ ಬಯಲಿಗೆ ಒಳ್ಳೆಯದೇ ಇರಬಹುದು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ಕಣಿವೆಯಲ್ಲಿ, ಸೋಗೆಯ ಕೆಳಗೆ ಉದುರಿ ಬಿದ್ದ ಎಳೆಗಾಯಿಯನ್ನು ಆಕಾಶದಿಂದ ಯಾವ ಕ್ಯಾಮೆರಾ ನೋಡೀತು? ಎರಡನೆಯದನ್ನು ನಾವು ಈಗಾಗಲೇ ಕಂಡಿದ್ದೇವೆ. ಯಂತ್ರ ಕೊಳ್ಳಲು ಟೆಂಡರ್ ಇರುತ್ತದೆ, ನಿಲ್ಲಿಸಿದ ದಿನ ಫೋಟೋ ಇರುತ್ತದೆ. ಮೂರನೆಯ ವರ್ಷದ ಮಳೆಗಾಲಕ್ಕೆ ಮುಂಚೆ ಏಣಿ ಹಾಕಿ ಹತ್ತಿ ಆಲಿಕೆ ಒರೆಸುವವನು ಯಾರು ಎಂಬ ಸಾಲಿಗೆ ಯೋಜನಾ ವರದಿಯಲ್ಲಿ ಜಾಗ ಸಿಗುವುದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಯಂತ್ರ ದಿನವೂ ಕಳುಹಿಸುವ ಅಂಕಿ ಅದೇ ದಿನ ಪಂಚಾಯಿತಿಯ ಫಲಕದ ಮೇಲೆ ಬರೆಯಲ್ಪಡಲಿ. ಹಾಲಿನ ಡೇರಿಗೆ ಹೋಗುವವರು, ನ್ಯಾಯಬೆಲೆ ಅಂಗಡಿಗೆ ಬರುವವರು ಓದಿಕೊಂಡು ಹೋಗಲಿ. ಹೊಳೆ ಉಕ್ಕಿ ಸಂಕದ, ಅಂದರೆ ಕಿರುಸೇತುವೆಯ, ಮೇಲೆ ಹರಿದ ದಿನ ಫಲಕದಲ್ಲಿ ಸೊನ್ನೆ ಕಂಡರೆ ಸಂಜೆಯೊಳಗೆ ಇಡೀ ಊರು ಪ್ರಶ್ನೆ ಕೇಳುತ್ತದೆ, ಮರುದಿನ ಯಾರಾದರೂ ಏಣಿ ತರುತ್ತಾರೆ. ಪರಿಹಾರದ ಪಟ್ಟಿ ಬಂದ ಮೇಲೆ, ಎಂದೋ ಬಂದುಹೋದ ಮಳೆಗೆ ಪುರಾವೆ ಹುಡುಕುವುದಕ್ಕಿಂತ ಇದು ಎಲ್ಲರಿಗೂ ಅಗ್ಗ, ವಿಮಾ ಕಂಪನಿಗೂ ಸಹ. ಮನೆಯಲ್ಲಿ ಅಳೆದ ಅಂಕಿಯನ್ನೇ ಒಪ್ಪಿಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ಹಾಗಾದರೆ ಊರಿನ ಪ್ರತಿ ಅಂಗಳದಲ್ಲೂ ಆಗುಂಬೆಯ ಮಳೆ ಬಿದ್ದೀತು.

ಈ ವರ್ಷ ನಮ್ಮ ಪುಸ್ತಕದಲ್ಲಿ ಹೊಸದೊಂದು ಕಾಲಮ್ಮು ಹಾಕಿದ್ದೇನೆ. ಬೆಳಿಗ್ಗೆ ಗಾಜಿನ ಪಾತ್ರೆಯ ಅಳತೆಯನ್ನು ಬರೆದ ಮೇಲೆ, ನೆಟ್‌ವರ್ಕ್ ಸಿಗುವ ಗುಡ್ಡದ ತಿರುವಿನವರೆಗೆ ನಡೆದು ಹೋಗಿ, ಯಂತ್ರದ ಹಿಂದಿನ ದಿನದ ಅಂಕಿಯನ್ನು ಮೊಬೈಲಿನಲ್ಲಿ ನೋಡಿ, ಪಕ್ಕದಲ್ಲಿ ಅದನ್ನೂ ಬರೆಯುತ್ತೇನೆ. ನ್ಯಾಯವಾಗಿ ಹೇಳಬೇಕೆಂದರೆ ಯಂತ್ರ ಸುಳ್ಳುಗಾರನಲ್ಲ: ಜೂನ್ ತಿಂಗಳ ಮೂವತ್ತು ದಿನಗಳಲ್ಲಿ ಇಪ್ಪತ್ತನಾಲ್ಕು ದಿನ ಎರಡೂ ಅಂಕಿಗಳ ನಡುವೆ ಹತ್ತು ಮಿಲಿಮೀಟರಿನ ಅಂತರವೂ ಇಲ್ಲ. ಉಳಿದ ಆರು ದಿನಗಳ ಪೈಕಿ ನಾಲ್ಕು ಖಾಲಿ, ಎರಡು ಸೊನ್ನೆ. ಆ ಆರು ದಿನಾಂಕಗಳನ್ನು ಬೆರಳಚ್ಚು ಮಾಡಿಸಿ ತೋಟಗಾರಿಕೆ ಇಲಾಖೆಯ ಕಚೇರಿಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದಿದ್ದೇನೆ. ಅದೂ ಪುಸ್ತಕದೊಳಗೇ ಇದೆ, ಜೂನ್ ಪುಟಕ್ಕೆ ಗುಂಡುಪಿನ್ನು ಚುಚ್ಚಿ.