ಅಕ್ಕಿ ಕೊಟ್ಟೆವು, ಕೂಲಿ ಕೇಳಿದರು

ರೋಬಸ್ಟಾ ಕಾಫಿಯ ಕುಯ್ಲು ಜೋರಾಗಿದ್ದ ಜನವರಿ. ಇಗರ್ಜಿಯಲ್ಲಿ (ಚರ್ಚಿನಲ್ಲಿ) ಭಾನುವಾರದ ಪೂಜೆ ಮುಗಿಸಿ ನಾವು ನಾಲ್ಕೈದು ಜನ ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದ ಲೈನ್‌ಮನೆಗಳಿಗೆ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಿಗೆ, ಹೋದೆವು. ನಮ್ಮದು ವಿನ್ಸೆಂಟ್ ಡಿ ಪೌಲ್ ಸಭೆ ಎಂಬ ಕಥೋಲಿಕ ಸೇವಾಸಂಘದ ಚಿಕ್ಕ ಘಟಕ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡ್ರಿಕ್ ಒಜನಾಮ್ ಎಂಬ ಇಪ್ಪತ್ತರ ಹುಡುಗ ಗೆಳೆಯರ ಜೊತೆ ಶುರು ಮಾಡಿದ ಸಭೆ ಇದು. ಬಡವರ ಮನೆಗೆ ನಾವೇ ಹೋಗಬೇಕು ಅನ್ನೋದು ಅದರ ಮೊದಲ ಪಾಠ.

ಜೀಪಿನಲ್ಲಿ ಅಕ್ಕಿ, ಕಂಬಳಿ ಇತ್ತು. ಹಂಚುತ್ತಾ ಹೋದೆವು. ಕೊನೆಯ ಮನೆಯ ಎರವ ಬುಡಕಟ್ಟಿನ ಹೆಂಗಸು ಅಕ್ಕಿ ಒಳಗಿಟ್ಟು ಬಂದು, "ಅಕ್ಕಾ, ನಮ್ಮ ಕೂಲಿ ಒಂದು ಕೇಳಿ ಕೊಡಿಸ್ತೀರಾ?" ಅಂದಳು. ಡಿಸೆಂಬರ್‌ನ ದುಡ್ಡೇ ಪೂರ್ತಿ ಬಂದಿರಲಿಲ್ಲ.

ಗೋಡೆ ತೋರಿಸಿದಳು. ಏಳನೇ ಕ್ಲಾಸಿನ ಮಗ ದಿನಾ ಸಂಜೆ ಅಪ್ಪ ಅಮ್ಮ ಕುಯ್ದ ಹಣ್ಣಿನ ತೂಕವನ್ನು ಇದ್ದಿಲಲ್ಲಿ ಬರೆದಿದ್ದ. 74, 81, 69. ತೋಟದ ಲೆಕ್ಕ ಬರೆಯುವ ರೈಟರ್ ಕೊಟ್ಟ ಚೀಟಿಯಲ್ಲಿ 70, 77, 65. ಎಲ್ಲಾ ದಿನವೂ ನಾಲ್ಕು ಕಿಲೋ ಕಮ್ಮಿ. ಚೀಟಿಯ ಕೆಳಗೆ ಕೆಂಪು ಶಾಯಿಯಲ್ಲಿ ಅಡ್ವಾನ್ಸ್ ಸಾಲ.

ಬೇರೆ ಕಡೆ ಹೋಗಬಾರದಾ ಅಂತ ನಮ್ಮಲ್ಲೊಬ್ಬರು ಕೇಳಿದರು. ಹೋಗೋದು ಎಲ್ಲಿಗೆ? ತೋಟದ ಕೆಲಸ ಬಿಟ್ಟರೆ ಮನೆಯೂ ಹೋಗುತ್ತದೆ. ಲೈನ್‌ಮನೆ ಬಿಟ್ಟು ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡವರನ್ನು 2016ರ ಡಿಸೆಂಬರ್‌ನಲ್ಲಿ ಸರ್ಕಾರದವರು ಹೇಗೆ ಎಬ್ಬಿಸಿದರು ಅಂತ ಕೊಡಗಿನವರಿಗೆ ಗೊತ್ತೇ ಇದೆ.

ಆ ತೋಟದ ಮಾಲೀಕರು ನಮ್ಮ ಇಗರ್ಜಿಯವರೇ. ಕಂಬಳಿಗೆ ಜಾಸ್ತಿ ದುಡ್ಡು ಕೊಟ್ಟವರೂ ಅವರೇ. ಕೈ ಬಿಗಿಯ ಮನುಷ್ಯ ಅಲ್ಲ, ನಿಜವಾಗಿಯೂ ಕೊಡುವವರು. ಆದರೆ ದಾನ ಕೊಡುವುದು ಬೇರೆ, ಕೊಡಬೇಕಾದ್ದನ್ನು ಕೊಡುವುದು ಬೇರೆ. ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ ಇದು ಸ್ಪಷ್ಟವಾಗಿದೆ: ಬಡ ಕೂಲಿಯವನ ಕೂಲಿಯನ್ನು ಅದೇ ದಿನ, ಹೊತ್ತು ಮುಳುಗುವ ಮೊದಲೇ ಕೊಡಬೇಕು. ಅವನು ನಮ್ಮವನಾಗಿರಲಿ, ಪರಊರಿನವನಾಗಿರಲಿ. ಹಿಡಿದಿಟ್ಟ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎನ್ನುತ್ತಾನೆ ಯಾಕೋಬ ತನ್ನ ಪತ್ರದಲ್ಲಿ. ನಾವು ಈ ಮಾತುಗಳನ್ನು ಕೇಳಿ, ಆಮೆನ್ ಹೇಳಿ, ಮನೆಗೆ ಹೋಗುತ್ತೇವೆ.

ನನಗೆ ಇನ್ನೊಂದೂ ಕಾಡಿತು. ಟಿಪ್ಪುವಿನ ಸೆರೆ ತಪ್ಪಿಸಿಕೊಂಡು ಬರಿಗೈಲಿ ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ನೆಲೆ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮನವರ ಇಗರ್ಜಿ 1792ರದು. ನೆಲೆಯಿಲ್ಲದೆ ಬಂದು ನೆಲೆ ಕಂಡವರು ನಾವು. ನೆಲೆಯಿಲ್ಲದವರ ಕಷ್ಟ ನಮಗೆ ಅರ್ಥವಾಗಬೇಕಲ್ವಾ?

ಅದೇ ಸಂಜೆ ಮೂವರು ಮಾಲೀಕರ ಮನೆಗೆ ಹೋದೆವು. ಕಾಫಿ ಕೊಟ್ಟರು. "ಸೀಸನ್ ಮುಗೀಲಿ, ಒಟ್ಟಿಗೆ ಲೆಕ್ಕ ಮಾಡೋಣ" ಅಂದರು. ನಮ್ಮ ಜೊತೆಗಿದ್ದ ಹಿರಿಯರು ಬೈಬಲ್ ತೆಗೆಯಲಿಲ್ಲ, "ನಿಮ್ಮ ರೋಬಸ್ಟಾ ದುಡ್ಡನ್ನು ವ್ಯಾಪಾರಿ ಹೀಗೆ ತಡೆದರೆ ನೀವು ಸುಮ್ನೆ ಇರ್ತೀರಾ?" ಅಂತ ಕೇಳಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ರೈಟರ್‌ಗೆ ಫೋನ್ ಹೋಯಿತು. ಅದೇ ವಾರ ಡಿಸೆಂಬರ್‌ನ ಬಾಕಿ ಬಂತು, ಆ ಒಂದು ಮನೆಗಲ್ಲ, ಇಡೀ ಲೈನಿಗೆ.

ನಾಲ್ಕು ಕಿಲೋದ ವಿಷಯ ಮಾತ್ರ ಬಗೆಹರಿದಿಲ್ಲ. ಗೋಣಿಯ ತೂಕ, ಎಲೆ ಕಡ್ಡಿಯ ತೂಕ ಅಂತ ಅವರ ವಾದ. ಗೋಣಿಯೊಂದು ನಾಲ್ಕು ಕಿಲೋ ತೂಗುತ್ತದಾ? ತೂಗುವಾಗ ಕುಯ್ದವರು ತಕ್ಕಡಿಯ ಪಕ್ಕ ನಿಲ್ಲಬೇಕು, ವಾರಕ್ಕೊಮ್ಮೆ ಕೂಲಿ ಕೈ ಸೇರಬೇಕು ಅಂತ ಇಗರ್ಜಿಯ ಎಲ್ಲ ತೋಟದವರ ಮುಂದೆ ಇಟ್ಟಿದ್ದೇವೆ. ಇಬ್ಬರು ಒಪ್ಪಿದ್ದಾರೆ. ಮಿಕ್ಕವರ ಮನೆಗೆ ಮುಂದಿನ ಕುಯ್ಲಿಗೆ ಮೊದಲು ಹೋಗಬೇಕು.