ಒಳಗೆ ಚಿಪ್ ಇಲ್ಲ ಅಕ್ಕಾ

ಜುಲೈ 18, 2024, ಗುರುವಾರ
ಶಿವಮೊಗ್ಗ

ಅತ್ತೆ ಈಗಷ್ಟೇ ಟಿವಿ ಆರಿಸಿ ಮಲಗಲು ಹೋದರು. ಮೊನ್ನೆಯಿಂದ ಅಂಕೋಲಾ ಹತ್ತಿರದ ಶಿರೂರಿನ ಗುಡ್ಡ ಕುಸಿದದ್ದು ಬಿಟ್ಟರೆ ಮನೆಯಲ್ಲಿ ಬೇರೆ ಮಾತಿಲ್ಲ. ಮಣ್ಣಿನಡಿ ಸಿಕ್ಕವರ ಮನೆಯವರು ರಸ್ತೆ ಬದಿ ಮಳೆಯಲ್ಲೇ ನಿಂತಿರುವುದನ್ನು ನೋಡಿ, ಇಲ್ಲಿ ಕೂತು ಕಾರಿನ ಕೀ ಬಗ್ಗೆ ಬರೆಯೋದಕ್ಕೆ ಸಂಕೋಚವಾಗುತ್ತೆ. ಬರೆಯದೆ ನಿದ್ದೆಯೂ ಬರೋಲ್ಲ.

ಮಳೆ ಜೋರಾದ ಮೇಲೆ ರಿಮೋಟ್ ಕೈಕೊಡೋಕೆ ಶುರುಮಾಡಿತ್ತು. ಮೊದಲು ಮಹಡಿ ಮೇಲಿಂದ ಒತ್ತಿದರೂ ಬಾಗಿಲು ಟಕ್ ಅನ್ನೋದು. ಆಮೇಲಾಮೇಲೆ ಕಾರಿಗೆ ಮೂಗು ತಾಗಿಸಿ ನಿಂತು ಒತ್ತಬೇಕು. ಸೆಲ್ ತೆಗೆದು ಕಾಲೇಜಿನ ಲ್ಯಾಬಿನ ಮಲ್ಟಿಮೀಟರಿಗೆ ಹಿಡಿದೆ. 3 ವೋಲ್ಟ್ ಇರಬೇಕಾದ್ದು 2.5ಕ್ಕೆ ಇಳಿದಿತ್ತು. ಮಂಗಳವಾರ ಸಂಜೆ ಇವರೇ ಸ್ಕೂಟರಿನಲ್ಲಿ ಗಾಂಧಿ ಬಜಾರಿಗೆ ಹೋಗಿ ಒಂದು ವಾಚ್ ಅಂಗಡಿಯಲ್ಲಿ ಹೊಸ ಸಿಆರ್ 2032 ಹಾಕಿಸಿಕೊಂಡು ಬಂದರು. 20 ಮಿಲಿಮೀಟರ್ ಅಗಲ, 3.2 ದಪ್ಪ, ಅದನ್ನೇ ಸೇರಿಸಿ 2032. 2016 ಅಂತ ಇನ್ನೊಂದಿದೆ, ಅಗಲ ಅಷ್ಟೇ, ದಪ್ಪ ಅರ್ಧ. ಅದನ್ನು ಹಾಕಿದರೆ ಒಳಗೆ ಸಡಿಲವಾಗುತ್ತೆ. ಚೀಟಿಯಲ್ಲಿ ಬರೆದುಕೊಟ್ಟಿದ್ದೆ, ಸರಿಯಾದದ್ದನ್ನೇ ತಂದಿದ್ದರು. ನಿನ್ನೆ ಮೊಹರಂ ರಜೆ, ಅತ್ತೆಗೆ ಏಕಾದಶಿ. ಯಾರೂ ಕಾರು ತೆಗೆಯಲಿಲ್ಲ.

ಇವತ್ತು ದ್ವಾದಶಿ ಪಾರಣೆ ಮುಗಿಸಿ ಕಾಲೇಜಿಗೆ ಹೊರಟರೆ ರಿಮೋಟ್ ಗೇಟಿನಾಚೆಯಿಂದಲೇ ಕೆಲಸ ಮಾಡಿತು. ಖುಷಿಯಾಯಿತು. ಒಳಗೆ ಕೂತು ಕೀ ತಿರುಗಿಸಿದೆ. ಎಂಜಿನ್ ಒಂದು ಕ್ಷಣ ಹತ್ತಿತು, ಆರಿತು. ಮತ್ತೆ ತಿರುಗಿಸಿದರೆ ಮತ್ತೆ ಅದೇ.

ಇವರು ಛತ್ರಿ ಹಿಡಿದು ಬಂದು, "ಬ್ಯಾಟರಿ ಹೋಗಿದೆ. ತಳ್ಳೋಣ್ವಾ?" ಅಂದರು.

"ಬ್ಯಾಟರಿ ಹೋಗಿದ್ರೆ ಸ್ಟಾರ್ಟರ್ ಇಷ್ಟು ಜೋರಾಗಿ ತಿರುಗ್ತಿತ್ತಾ? ಹೆಡ್‌ಲೈಟ್ ನೋಡಿ, ಗೋಡೆ ಬೆಳಗ್ತಿದೆ."

"ಹಂಗಾದ್ರೆ ಪೆಟ್ರೋಲಿಗೆ ನೀರು ಸೇರಿದೆ."

"ಮೀಟರ್ ಪಕ್ಕ ಕೀ ಚಿತ್ರದ ದೀಪ ಪಟಪಟ ಹೊಡ್ಕೋತಿದೆ. ಇದು ಕೀದೇ ತಕರಾರು."

"ಕೀ ಸರಿ ಇದೆಯಲ್ಲೇ. ಹೊಸ ಸೆಲ್ ಹಾಕ್ಸಿದೀನಿ. ಬಾಗಿಲು ತೆಗೀತಲ್ಲ!"

ಎಲ್ಲರೂ ಎಡವೋದು ಇಲ್ಲೇ. ಆ ಒಂದು ಪ್ಲಾಸ್ಟಿಕ್ ಕವಚದಲ್ಲಿ ಪರಸ್ಪರ ಸಂಬಂಧವಿಲ್ಲದ ಎರಡು ವಸ್ತುಗಳಿರುತ್ತವೆ. ಒಂದು ರಿಮೋಟ್: ಸೆಲ್ಲಿನ ಬಲದಿಂದ 433.92 ಮೆಗಾಹರ್ಟ್ಸ್‌ನಲ್ಲಿ ಸಂಕೇತ ಕಳಿಸಿ ಬಾಗಿಲು ತೆಗೆಸುತ್ತೆ, ಅಷ್ಟೇ ಅದರ ಕೆಲಸ. ಇನ್ನೊಂದು ಇಮೊಬಿಲೈಸರಿನ, ಅಂದರೆ ಬೇರೆ ಕೀ ಹಾಕಿದರೆ ಎಂಜಿನ್ ಓಡದಂತೆ ತಡೆಯುವ ವ್ಯವಸ್ಥೆಯ ಚಿಪ್. ಅದಕ್ಕೆ ಸೆಲ್ಲೇ ಬೇಡ. ಕೀ ತೂರಿಸುವ ತೂತಿನ ಸುತ್ತ ತಾಮ್ರದ ಸುರುಳಿಯೊಂದಿರುತ್ತೆ. ಕೀ ತಿರುಗಿಸಿದಾಗ ಸುರುಳಿಯಲ್ಲಿ 125 ಕಿಲೋಹರ್ಟ್ಸ್‌ನ ವಿದ್ಯುತ್ ಹರಿದು ಸುತ್ತ ಕಾಂತಕ್ಷೇತ್ರ ಏಳುತ್ತೆ, ಚಿಪ್ಪಿನೊಳಗಿನ ಪುಟ್ಟ ಸುರುಳಿ ಆ ಕ್ಷೇತ್ರದಿಂದಲೇ ಶಕ್ತಿ ಪಡೆದು ತನ್ನ ಗುರುತು ಹೇಳುತ್ತೆ. ಗುರುತು ಸರಿಹೋದರೆ ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲ್ ಬಿಡುತ್ತೆ. ಇಲ್ಲದಿದ್ದರೆ ಇಂಜೆಕ್ಟರ್ ಬಂದ್. ಕೆಲವು ಕಾರುಗಳು ಹತ್ತೋದೇ ಇಲ್ಲ, ನಮ್ಮದು ಹತ್ತಿ ಆರುವ ಜಾತಿ.

ಇದೇ ತತ್ವವನ್ನು, ವಿದ್ಯುತ್ಕಾಂತೀಯ ಪ್ರೇರಣೆಯನ್ನು, ಈ ವಾರ ಸೆಕೆಂಡ್ ಪಿಯುಗೆ ಶುರುಮಾಡಿದ್ದೇನೆ. ಫ್ಯಾರಡೆ ನಿಯಮ ಆಯಿತು, ಲೆನ್ಜ್ ನಿಯಮ ಆಯಿತು. ಕಿಟಕಿ ಪಕ್ಕದ ಸಾಲಿನ ಒಬ್ಬಳು, "ಮಿಸ್, ಇದೆಲ್ಲ ಸಿಇಟಿಗೆ ಬಿಟ್ಟು ಇನ್ನೆಲ್ಲಿ ಬರುತ್ತೆ?" ಅಂತ ಸೋಮವಾರ ಕೇಳಿದ್ದಳು. ನಾಳೆ ಕೀ ತಗೊಂಡುಹೋಗಿ ಅವಳ ಬೆಂಚಿನ ಮೇಲೆ ಇಡ್ತೀನಿ.

ನಾದಿನಿ ಮಗ ನಿನ್ನೆ ಇಡೀ ದಿನ ರಿಮೋಟ್ ಹಿಡಿದು ಆಡುತ್ತಿದ್ದ. ಬ್ಯಾಟರಿ ಅಲ್ಲ, ಪೆಟ್ರೋಲ್ ಅಲ್ಲ ಅಂದಮೇಲೆ ಇವರ ಅನುಮಾನ ಅವನ ಮೇಲೆ ತಿರುಗಿತು. ಪಾಪದ ಮಗು. ಒತ್ತಿದಾಗೆಲ್ಲ ರಿಮೋಟ್ ಹೊಸ ಸಂಖ್ಯೆ ಕಳಿಸುತ್ತೆ ನಿಜ. ಕಾರಿಗೆ ಕೇಳಿಸದಷ್ಟು ದೂರದಲ್ಲಿ ಸಿಕ್ಕಾಪಟ್ಟೆ ಒತ್ತಿದರೆ ಎರಡರ ಲೆಕ್ಕ ತಪ್ಪಿ ಕಾರು ರಿಮೋಟನ್ನು ಲೆಕ್ಕಕ್ಕೇ ತಗೊಳ್ಳದೆ ಇರಬಹುದು. ಆಗ ಬಾಗಿಲು ತೆಗೆಯೋಲ್ಲ. ಎಂಜಿನ್ನಿಗೂ ಅದಕ್ಕೂ ಏನೂ ಇಲ್ಲ.

ಕೀಗೊಂಚಲಿನಿಂದ ಸ್ಕೂಟರ್ ಕೀ, ಬೀರು ಕೀ, ಧರ್ಮಸ್ಥಳದ ಹಿತ್ತಾಳೆ ಬಿಲ್ಲೆ ಎಲ್ಲ ಬಿಚ್ಚಿ ಕಾರಿನ ಕೀಯನ್ನು ಒಂಟಿಯಾಗಿ ಹಾಕಿ ನೋಡಿದೆ, ಪಕ್ಕದಲ್ಲಿ ಲೋಹ ಅಥವಾ ಇನ್ನೊಂದು ಚಿಪ್ ಇದ್ದರೂ ಓದೋದು ಕೆಡುತ್ತೆ ಅಂತ. ಚಾರ್ಜರಿಗೆ ಹಾಕಿದ್ದ ಫೋನನ್ನೂ ಕಿತ್ತೆ. ಏನೂ ಆಗಲಿಲ್ಲ. ಇಂಥ ಹೊತ್ತಲ್ಲಿ ಮೊದಲು ಮಾಡಬೇಕಾದ್ದು ಇನ್ನೊಂದು ಕೀ ಹಾಕಿ ನೋಡೋದು. ಅದರಲ್ಲಿ ಹತ್ತಿದರೆ ದೋಷ ಕೀಯದು, ಹತ್ತದಿದ್ದರೆ ಸುರುಳಿಯದ್ದೋ ವೈರಿನದ್ದೋ. ನಮ್ಮಲ್ಲಿ ಇನ್ನೊಂದು ಕೀ ಇಲ್ಲ. ನಮಗೆ ಕಾರು ಮಾರಿದವರು "ಮನೆ ಬದಲಿಸುವಾಗ ಎಲ್ಲೋ ಹೋಯ್ತು" ಅಂದಿದ್ದರು. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ಕಾರು ಎಳೆಸಿಕೊಂಡು ಬನ್ನಿ, ಇಡೀ ಸೆಟ್ಟೇ ಬದಲಿಸಬೇಕಾಗಬಹುದು, 15 ಸಾವಿರದ ಹತ್ತಿರ ಆಗುತ್ತೆ ಅಂದಳು ಹುಡುಗಿ. ಕೀ ನೋಡದೆ!

ಸಿಎಲ್ ಹಾಕಿ ಆಟೋ ಹತ್ತಿದೆ. ತುಂಗಾ ನದಿಯ ಕೋರ್ಪಳಯ್ಯನ ಛತ್ರದ ಮಂಟಪ ಮುಳುಗೋಕೆ ಇನ್ನೆಷ್ಟು ಬಾಕಿ ಅನ್ನೋದೇ ದಾರಿಯುದ್ದಕ್ಕೂ ಆಟೋದವರ ಮಾತು.

ನೆಹರೂ ರಸ್ತೆಯ ಒಳಗಿನ ಗಲ್ಲಿಯಲ್ಲಿ ಕೀ ಮಾಡುವ ಭಾಯಿ ಗೊತ್ತಲ್ಲ, ನಮ್ಮ ಬೀರುವಿನ ಬೀಗ ತೆಗೆದುಕೊಟ್ಟವರು. ಅಂಗಡಿ ಅಂದರೆ ಮೆಟ್ಟಿಲಡಿಯ ಜಾಗ. ಗೋಡೆ ತುಂಬ ಕೀಗಳು, ಮುಂದೆ ಒಂದು ಅರ, ಒಂದು ಹಿಡಿಕಟ್ಟು, ಪಕ್ಕದಲ್ಲಿ ಹೊಸ ಕಟಿಂಗ್ ಮೆಷಿನ್. ಡ್ರಾಯರಿನಿಂದ ಬಳೆಯಷ್ಟು ಅಗಲದ ಸುರುಳಿ ಇರುವ ಸಣ್ಣ ಉಪಕರಣ ತೆಗೆದು, ಕೀಯನ್ನು ಅದರೊಳಗೆ ಇಟ್ಟು ಪರದೆ ನೋಡಿದರು. ತಿರುಗಿಸಿ ಇಟ್ಟರು. ಆಮೇಲೆ ಕವಚ ಬಿಡಿಸಿ ನನ್ನ ಕಡೆ ಹಿಡಿದರು.

"ಒಳಗೆ ಚಿಪ್ ಇಲ್ಲ ಅಕ್ಕಾ. ನೋಡಿ, ಅದರ ಗೂಡು ಖಾಲಿ. ಇದನ್ನ ಯಾರು ತೆಗೆದಿದ್ರು?"

ಸೆಲ್ ಹಾಕಿಸಿದ್ದು ಹೇಳಿದೆ.

"ಸ್ಕ್ರೂಡ್ರೈವರ್ ಹಾಕಿ ಮೀಟಿದ್ದಾರೆ. ಹಾರಿಹೋಗಿದೆ. ಮೊದಲು ಆ ಅಂಗಡಿಗೆ ಓಡಿ. ಕಸ ಗುಡಿಸಿದ್ರೆ ಮುಗೀತು."

ಓಡಿದೆ. ವಾಚ್ ಅಂಗಡಿಯ ಹುಡುಗ ಮೊದಲು ಏನೂ ಬಿದ್ದಿಲ್ಲ ಅಂದ. ಮಾಲೀಕರು ಎದ್ದು ಬಂದು ಹಳೆಯ ಸೆಲ್ಲುಗಳ ಡಬ್ಬಿಯನ್ನು ಪೇಪರಿನ ಮೇಲೆ ಸುರಿದರು. ಸತ್ತ ಸೆಲ್ಲುಗಳು, ವಾಚಿನ ಪಿನ್ನುಗಳು, ತುಂಡು ಬೆಲ್ಟುಗಳ ನಡುವೆ ಇತ್ತು: ಹುಣಸೆ ಬೀಜದಷ್ಟು, ಕಪ್ಪಗೆ, ಒಂದು ತುದಿ ಸ್ವಲ್ಪ ಕಿರಿದು. ಮುರಿದ ಪ್ಲಾಸ್ಟಿಕ್ ಅಂದುಕೊಂಡು ಎತ್ತಿಟ್ಟಿದ್ದನಂತೆ. ಬಿಸಾಡಲಿಲ್ಲವಲ್ಲ, ಅವನ ಮೇಲೆ ಸಿಟ್ಟು ಬರಲಿಲ್ಲ. ಮೇಲೆ ಅಕ್ಷರವಿಲ್ಲ, ತಂತಿಯಿಲ್ಲ, ಯಾರಿಗೆ ಗೊತ್ತಾಗಬೇಕು.

ಭಾಯಿ ಅದನ್ನು ಗೂಡಿನಲ್ಲಿ ಕೂರಿಸಿ ಒಂದು ಹನಿ ಅಂಟು ಬಿಟ್ಟರು. ಮತ್ತೆ ಆ ಸುರುಳಿಯೊಳಗೆ ಇಟ್ಟಾಗ ಪರದೆಯ ಮೇಲೆ ಅಂಕಿಗಳು ಮೂಡಿದವು. "ಈಗ ಹತ್ತುತ್ತೆ. ದುಡ್ಡು ಬೇಡ, ಅಂಟಿಗೇನು."

ಬೇಡ ಅಂದರೂ ಕೊಟ್ಟೆ, ಮಾತಿಗೆ ಕೂತೆ. ಮಳೆ ಬಿಡಬೇಕಿತ್ತಲ್ಲ. ಅವರ ಅಪ್ಪನ ಕಾಲದಲ್ಲಿ ಅಂಬಾಸಿಡರ್ ಕೀ ಅಂದರೆ ಅರ ಹಿಡಿದು ಉಜ್ಜೋದೇ, ಚಹಾ ಬರೋಷ್ಟರಲ್ಲಿ ಮುಗೀತಿತ್ತಂತೆ. "ಈಗ ಬೀಗ ಒಪ್ಪಿದ್ರೂ ಕಂಪ್ಯೂಟರ್ ಒಪ್ಪಬೇಕಕ್ಕಾ." ಜರ್ಮನಿ, ಇಂಗ್ಲೆಂಡಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ ಅಂತ ನಾನು ಹೇಳಿದೆ. ಅವರಿಗೆ ಅದಕ್ಕಿಂತ ತಮಾಷೆಯದು ಗೊತ್ತಿತ್ತು. ಅಮೆರಿಕದಲ್ಲಿ ಇದು ಕಡ್ಡಾಯವಿಲ್ಲದೆ, ಇಮೊಬಿಲೈಸರ್ ಇಲ್ಲದ ಕಿಯಾ, ಹ್ಯುಂಡೈ ಕಾರುಗಳನ್ನು ಹುಡುಗರು ಚಾರ್ಜರ್ ವೈರಿನ ತುದಿ ಹಾಕಿ ತಿರುಗಿಸಿ ಕದಿಯುತ್ತಿದ್ದ ವಿಡಿಯೋ ನೋಡಿದ್ದರು. 2021, 22ರಲ್ಲಿ ಅದು ದೊಡ್ಡ ಪಿಡುಗಾಗಿತ್ತು. "ಇಷ್ಟುದ್ದದ್ದು ಇಲ್ಲದೆ ನೋಡಿ" ಅಂತ ಬೆರಳ ತುದಿ ತೋರಿಸಿದರು.

ಎರಡನೇ ಕೀ ಮಾಡಿಕೊಡ್ತೀರಾ ಅಂತ ಕೇಳಿದೆ. ಒಂದು ಸರಿ ಇರುವಾಗಲೇ ಮಾಡಿಸಬೇಕು, ಎಲ್ಲ ಕಳೆದಮೇಲೆ ಖರ್ಚೂ ಜಾಸ್ತಿ, ರಗಳೆಯೂ ಜಾಸ್ತಿ ಅಂದರು. ಮನೆಗೇ ಬಂದು ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಮೆಷಿನ್ ಜೋಡಿಸಿ ಹೊಸ ಚಿಪ್ಪನ್ನು ಕಾರಿಗೆ ಕಲಿಸಬೇಕು. ಆಯಿತು ಅಂದೆ.

"ಆರ್‌ಸಿ ತೋರಿಸ್ತೀರಾ?"

ವಾಟ್ಸಾಪಿನಲ್ಲಿದ್ದ ಫೋಟೋ ತೋರಿಸಿದೆ. ಕನ್ನಡಕ ಮೇಲೇರಿಸಿ ಓದಿದರು.

"ಇದು ಬೇರೆ ಹೆಸರು."

"ನಮ್ಮ ಯಜಮಾನರದ್ದು."

"ಹಂಗಾದ್ರೆ ಅವರ ಹತ್ರ ಒಂದು ಮಾತು ಹೇಳ್ಸಿ."

"ದಿನಾ ಓಡಿಸೋದು ನಾನು ಭಾಯಿ. ಕಂತು ಹೋಗೋದೂ ನನ್ನ ಸಂಬಳದಲ್ಲೇ."

"ಇರಬಹುದಕ್ಕಾ. ಬೇಜಾರು ಮಾಡ್ಕೋಬೇಡಿ."

ಬೇಜಾರಾಗಿತ್ತು. ಮುಖದಲ್ಲೂ ಕಂಡಿರಬೇಕು. ಅವರು ಮೆಷಿನ್ ಒರೆಸುತ್ತಾ ಹೇಳಿದರು. ಒಂದು ಸಲ ಒಬ್ಬರು ಬಂದು ಮನೆಯವಳ ಕಾರು, ಇನ್ನೊಂದು ಕೀ ಬೇಕು ಅಂದರಂತೆ. ನೋಡೋಕೆ ಮರ್ಯಾದಸ್ಥರು, ಹಳೆ ಕೀ ಕೈಯಲ್ಲೇ ಇದೆ. ಇವರು ಕಾಗದ ಕೇಳಲಿಲ್ಲ, ಮಾಡಿಕೊಟ್ಟರು. ಗಂಡ ಹೆಂಡತಿ ಕೋರ್ಟಿಗೆ ಹೋಗಿದ್ದರು ಅನ್ನೋದು ಆಮೇಲೆ ಗೊತ್ತಾಯಿತು. ಆಕೆ ಶಾಲೆ ಮುಂದೆ ಕಾರು ನಿಲ್ಲಿಸಿ ಮಗುವನ್ನು ಕರೆತರಲು ಒಳಗೆ ಹೋದಾಗ ಆತ ಹೊಸ ಕೀ ಹಾಕಿ ಕಾರು ತಗೊಂಡು ಹೋದ.

"ಆ ಅಕ್ಕ ಇಲ್ಲೇ, ನೀವು ಕೂತ ಜಾಗದಲ್ಲೇ ನಿಂತು ಅತ್ತರು. ಗಾಡಿ ಅವರ ಹೆಸರಲ್ಲೇ ಇತ್ತು. ನಾನು ಒಂದು ಮಾತು ಕೇಳಿದ್ರೆ ಆಗ್ತಿತ್ತು. ಆವತ್ತಿಂದ ಡಿಸಿ ಸಾಹೇಬರು ಬಂದ್ರೂ ಆರ್‌ಸಿ ಕೇಳ್ತೀನಿ."

ಉದ್ದ ನೋಟ್‌ಬುಕ್ ಒಂದಿತ್ತು. ಗಾಡಿ ನಂಬರು, ಹೆಸರು, ಫೋನು, ಸಹಿ. ನನಗೆ ಎದುರುತ್ತರ ಹೊಳೆಯಲಿಲ್ಲ. ಇವರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಆಫೀಸಿನ ಗದ್ದಲದಲ್ಲಿ ಇವರು ನಕ್ಕು, "ಹಾಂ ಹಾಂ, ನಮ್ಮನೆಯವರೇ. ಮಾಡಿಕೊಡಿ, ಏನೂ ತೊಂದ್ರೆ ಇಲ್ಲ" ಅಂದರು.

ಇವರು ಒಳ್ಳೆಯವರೇ. ಆ ಭಾಯಿ ಇನ್ನೂ ಒಳ್ಳೆಯವರು. ಆದರೂ ನನ್ನ ಕಾರಿನ ಕೀಗೆ, ನಾನು ಎದುರಿಗೇ ಕೂತಿರುವಾಗ, "ಮಾಡಿಕೊಡಿ" ಅನ್ನೋ ಅಪ್ಪಣೆ ಫೋನಿನಿಂದ ಬಂತಲ್ಲ. ನೋಟ್‌ಬುಕ್ಕಿನಲ್ಲಿ ಮಾಲೀಕರು ಅನ್ನುವ ಕಡೆ ಇವರ ಹೆಸರು ಬರೆದು, ಪಕ್ಕದಲ್ಲಿ ನನ್ನ ಸಹಿ ಹಾಕಿದೆ.

ಮನೆಗೆ ಬಂದು ಕೀ ಹಾಕಿದರೆ ಮೊದಲ ತಿರುವಿಗೇ ಹತ್ತಿತು. ದೀಪ ಒಮ್ಮೆ ಉರಿದು ಆರಿತು. ಅತ್ತೆ ಬಾಗಿಲಲ್ಲೇ ನಿಂತು, "ಅಂತೂ ಆಯ್ತಲ್ಲ, ಒಂದು ನಿಂಬೆಹಣ್ಣು ಇಡು" ಅಂದರು. ಇಟ್ಟೆ.

ಊಟಕ್ಕೆ ಕೂತಾಗ ಹೆಸರು ಬದಲಾಯಿಸೋಣವಾ ಅಂತ ಕೇಳಿಯೇಬಿಟ್ಟೆ. ಇವರಿಗೆ ಅರ್ಥವೇ ಆಗಲಿಲ್ಲ, ಯಾರ ಹೆಸರು ಅಂದರು. ಕೊಂಡಾಗ ನನ್ನ ಆಧಾರಿನಲ್ಲಿ ದಾವಣಗೆರೆ ವಿಳಾಸ ಇತ್ತು. ಆರ್‌ಟಿಓದಲ್ಲಿ ಸುಮ್ಮನೆ ಓಡಾಟ ಯಾಕೆ, ನನ್ನ ಹೆಸರಿಗೇ ಮಾಡಿಸ್ತೀನಿ ಅಂದಿದ್ದರು, ಹೂಂ ಅಂದಿದ್ದೆ. ಆಗ ಅದು ಕೆಲಸ ಬೇಗ ಮುಗಿಸುವ ದಾರಿ ಅಷ್ಟೇ.

"ಈಗ್ಯಾಕೆ? ನಿಂದೇ ಅಲ್ವಾ ಕಾರು. ಸಾಲ ಮುಗೀಲಿ, ಮಾಡೋಣ."

ಅತ್ತೆ ಮಜ್ಜಿಗೆ ಕಲಸುತ್ತಾ, "ನಮ್ಮನೆ ರೇಷನ್ ಕಾರ್ಡಿನಲ್ಲಿ ಯಜಮಾನಿ ನಾನೇ ಕಣೇ" ಅಂದರು. ಮೂವರೂ ನಕ್ಕೆವು. ಮಾತು ಅಲ್ಲಿಗೆ ಹಾರಿಹೋಯಿತು, ಮತ್ತೆ ಶಿರೂರಿಗೆ ಬಂತು.

ಈಗ ಫೋನಿನಲ್ಲಿ ನೋಡ್ತಾ ಕೂತಿದ್ದೇನೆ. ಕಾರು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಮಾಡಿಸೋಕೆ ಫಾರಂ 29, ಫಾರಂ 30. ಸಾಲ ಇರೋದರಿಂದ ಬ್ಯಾಂಕಿನ ಒಪ್ಪಿಗೆ ಬೇರೆ. ಸಾಲವೂ ಇವರ ಹೆಸರಿನಲ್ಲೇ. ಮಾರುವವರು ಅಂತ ಇವರು ಸಹಿ ಹಾಕಬೇಕು, ಕೊಳ್ಳುವವಳು ಅಂತ ನಾನು. ತಿಂಗಳು ತಿಂಗಳು ಕೊಳ್ಳುತ್ತಲೇ ಇರೋದನ್ನ ಮತ್ತೆ ಒಂದು ಸಲ ಹೇಗೆ ಕೊಳ್ಳೋದು? ಶನಿವಾರ ಭಾಯಿ ಮೆಷಿನ್ ತರ್ತಾರೆ, ಆರ್‌ಸಿಯ ಮೂಲ ಪ್ರತಿ ಕೇಳಿದ್ದಾರೆ, ಅದು ಬೀರುವಿನ ಒಳಖಾನೆಯಲ್ಲಿರಬೇಕು. ಹುಡುಕಬೇಕು. ಬ್ಯಾಂಕಿನವರನ್ನು ನಾಳೆ ಮಧ್ಯಾಹ್ನ ಕೇಳಿ ನೋಡ್ತೀನಿ, ಇಲ್ಲಾ ಮೊದಲು ಇವರ ಹತ್ತಿರವೇ ಇನ್ನೊಮ್ಮೆ, ನಗದೆ,